ಖಾಲಿ ಹೊಟ್ಟೆಯ ಗುಳಿಗೆ

ಬೆಳಗಿನ ಕಾಫಿಯನ್ನು ಒಂದು ಗಂಟೆ ಮುಂದಕ್ಕೆ ಹಾಕುವುದೆಂದರೆ ಮೈಸೂರು ಕಡೆಯವರಿಗೆ ಸಣ್ಣ ತ್ಯಾಗವಲ್ಲ. ನಮ್ಮ ಮನೆಯಲ್ಲಿ ಅದು ನಡೆಯುತ್ತ ಹತ್ತು ವರ್ಷಕ್ಕೂ ಮೇಲಾಯಿತು. ನನ್ನಾಕೆ ಎದ್ದೊಡನೆ ಹೆಸರುಕಾಳಿಗಿಂತ ತುಸುವೇ ದೊಡ್ಡದಾದ ಗುಳಿಗೆಯೊಂದನ್ನು ನೀರಿನಲ್ಲಿ ನುಂಗುತ್ತಾಳೆ, ಕಾಫಿ ಆಮೇಲೆ. ಕೂಡಲೇ ಕುಡಿದರೆ ಔಷಧಿ ಮೈಗೆ ಸರಿಯಾಗಿ ಹತ್ತುವುದಿಲ್ಲ. ಅವಳೊಡನೆ ನಾನೂ ಕಾಯುತ್ತೇನೆ. ಅದಕ್ಕೆ ಕಾರಣವುಂಟು.

2008ರಲ್ಲಿ ನಮ್ಮ ಮದುವೆಯಾಯಿತು. ಆರು ವರ್ಷ ತೊಟ್ಟಿಲು ಅಟ್ಟದಿಂದ ಇಳಿಯಲಿಲ್ಲ. ಎರಡು ಬಾರಿ ಬಸಿರು ನಿಂತಿತ್ತು. ಎರಡು ಬಾರಿಯೂ ಮೂರು ತಿಂಗಳು ತುಂಬುವ ಮೊದಲೇ ಇಳಿದುಹೋಯಿತು. ಅಮ್ಮ ನಾಗಪ್ರತಿಷ್ಠೆ ಮಾಡಿಸಿದರು. ನಾನು ವಿಚಾರವಂತನೆಂದು ಹೆಸರಾದವನು; ಪೂಜೆ ಬೇಡವೆನ್ನಲಿಲ್ಲ, ಇವಳನ್ನು ಪೂರಾ ಪರೀಕ್ಷೆ ಮಾಡಿಸಲೂ ಇಲ್ಲ. ಇವಳೋ ಸಂಜೆಯಾದರೆ ಸೋತು ಮಲಗುವಳು, ಬೇಸಗೆಯಲ್ಲೂ ಶಾಲು ಹೊದೆಯುವಳು, ಬಾಚಣಿಗೆಯ ತುಂಬ ಕೂದಲು, ಮುಟ್ಟಿಗೂ ಲೆಕ್ಕವಿರಲಿಲ್ಲ. “ಇಷ್ಟು ಸೋಮಾರಿತನ ಒಳ್ಳೆಯದಲ್ಲ” ಎಂದು ಒಮ್ಮೆ ಅಂದುಬಿಟ್ಟೆ.

ಕೊನೆಗೆ ಹಿರಿಯ ಡಾಕ್ಟರಮ್ಮನೊಬ್ಬರು ಇವಳ ಕೊರಳನ್ನು ಮುಟ್ಟಿ ನೋಡಿ, “ಥೈರಾಯಿಡ್ ಪರೀಕ್ಷೆ ಆಗಿದೆಯೇ?” ಎಂದು ಕೇಳಿದರು. ಆ ಹೆಸರಿನ ಮೂಲ ಗ್ರೀಕಿನ ಗುರಾಣಿ ಎಂಬ ಶಬ್ದ. ಮೇಷ್ಟರಾದ ನನಗೆ ಶಬ್ದದ ವ್ಯುತ್ಪತ್ತಿ ಗೊತ್ತಿತ್ತು. ರೋಗದ ವಿಚಾರದಲ್ಲಿ ಗಳಗಂಡವೊಂದೇ ಗೊತ್ತಿದ್ದುದು. ಕೊರಳು ಊದದೆಯೂ ಆ ಗ್ರಂಥಿ ಸೊರಗಬಹುದು. ಅದರ ರಸ ಕಡಮೆಯಾದರೆ ಅಂಡ ಹೊತ್ತಿಗೆ ಸರಿಯಾಗಿ ಬಿಡುಗಡೆಯಾಗದಿರಬಹುದು. ಬಸಿರು ನಿಂತರೂ ಇಳಿಯುವ ಭಯ ಹೆಚ್ಚು. ಶಿಶುವಿನ ಸ್ವಂತ ಗ್ರಂಥಿ ಕೆಲಸ ಹಿಡಿಯುವುದು ಸುಮಾರು 12ನೆಯ ವಾರಕ್ಕೆ. ಅಲ್ಲಿಯವರೆಗೆ ಅದರ ಮಿದುಳು ಬೆಳೆಯಲು ತಾಯಿಯೇ ಸಾಲ ಕೊಡಬೇಕು. ತಾನೇ ಬಡವಿಯಾದವಳು ಎಲ್ಲಿಂದ ತಂದಾಳು?

ಡಾಕ್ಟರಮ್ಮ ಇಷ್ಟನ್ನೂ ಹೇಳಿ ಮುಗಿಸಿದಾಗ ಇವಳು ಕೇಳಿದ್ದು ಒಂದೇ: “ಹಾಗಾದರೆ ನಾನು ಸೋಮಾರಿಯಲ್ಲ, ಅಲ್ಲವೇ ಡಾಕ್ಟರೇ?” ನಾನು ಗೋಡೆಯ ಕ್ಯಾಲೆಂಡರು ನೋಡುತ್ತ ಕುಳಿತೆ.

ಮರುವರ್ಷ ಬಸಿರಾದೊಡನೆ ಗುಳಿಗೆಯ ಪ್ರಮಾಣ ಏರಿತು. ನಾಲ್ಕು ವಾರಕ್ಕೊಮ್ಮೆ ರಕ್ತಪರೀಕ್ಷೆ. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಬೇಕೆಂದು ಕಟ್ಟಪ್ಪಣೆ. “ಇದು ಅದನ್ನು ಮುಟ್ಟಬಾರದಂತೆ ಕಣೋ” ಎಂದು ಅಮ್ಮ ಈ ಮಡಿಯನ್ನು ಉಳಿದೆಲ್ಲ ಮಡಿಗಿಂತ ಬಿಗಿಯಾಗಿ ನಡೆಸಿದರು.

ಮಗಳು ಹುಟ್ಟಿದ ಮೂರನೆಯ ದಿನ, ಅವಳ ಗ್ರಂಥಿ ಹೇಗಿದೆಯೆಂದು ನೋಡಲು ಹಿಮ್ಮಡಿ ಚುಚ್ಚಿ ನಾಲ್ಕು ಹನಿ ರಕ್ತ ತೆಗೆದರು. ಎಲ್ಲ ಸರಿಯಾಗಿತ್ತು. ಅಮ್ಮ ಅದನ್ನು ನಾಗಪ್ಪನ ಲೆಕ್ಕಕ್ಕೆ ಬರೆದುಕೊಂಡರು. ನಾನು ತಕರಾರು ಮಾಡಲಿಲ್ಲ. ಈಗ ಮಗಳೇ ಬೆಳಗ್ಗೆ ಫಿಲ್ಟರಿನ ಪಕ್ಕ ಕಾವಲು ನಿಂತು, ಗಡಿಯಾರ ನೋಡಿ, “ಅಪ್ಪ, ಇನ್ನೂ ಹತ್ತು ನಿಮಿಷ” ಎನ್ನುತ್ತಾಳೆ.