ಹೊರನಾಡಿನ ವಿದ್ಯೆ, ಮನೆಗೆ ಹೇಳದ ಮಾತು

ನಮ್ಮ ಸಮಾಜದ ತರುಣರು ಕಡಲು ದಾಟಿ ಓದಿದ್ದು ಇಂದು ನಿನ್ನೆಯ ಸಂಗತಿಯಲ್ಲ. ಡಿ. ಸಿ. ಪಾವಟೆಯವರು ಕೇಂಬ್ರಿಜ್‌ನಲ್ಲಿ ಗಣಿತ ಓದಿ ರ್‍ಯಾಂಗ್ಲರ್ ಎನಿಸಿಕೊಂಡು ಬಂದು, ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವನ್ನು ಬೆಳೆಸಿದರು. ಡಾ. ಎಸ್. ಸಿ. ನಂದೀಮಠರು ಲಂಡನ್ ವಿಶ್ವವಿದ್ಯಾಲಯಕ್ಕೆ ವೀರಶೈವವನ್ನು ಕುರಿತು ಪ್ರಬಂಧ ಸಲ್ಲಿಸಿ ಡಾಕ್ಟರೇಟ್ ಪಡೆದರು. 1906ರಲ್ಲಿ ಲಿಂಗೈಕ್ಯರಾದ ಶಿರಸಂಗಿ ಲಿಂಗರಾಜ ದೇಸಾಯಿಯವರಂತೂ ತಮ್ಮ ಸಂಸ್ಥಾನದ ಆಸ್ತಿಯನ್ನೇ ಮಕ್ಕಳ ಶಿಕ್ಷಣಕ್ಕೆ ಬರೆದಿಟ್ಟರು. ಅಂದು ಹೋಗುತ್ತಿದ್ದವರು ಬೆರಳೆಣಿಕೆಯಷ್ಟು. ಅವರ ಬೆನ್ನಿಗೆ ದಾನಿಯೋ ಸಂಸ್ಥೆಯೋ ವಿದ್ಯಾರ್ಥಿವೇತನವೋ ಇರುವುದು ವಾಡಿಕೆಯಾಗಿತ್ತು. ಇಂದು ಹೋಗುವ ಹುಡುಗನ ಬೆನ್ನಿಗೆ ಬಹುಮಟ್ಟಿಗೆ ಅಪ್ಪನ ಹೊಲವಿದೆ.

ನಾವು ಬಾಲ್ಯದಿಂದಲೂ ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು. ಆಮೇಲೆ ಅಲ್ಲಿಯ ಮಕ್ಕಳಿಗೆ ಹಳಗನ್ನಡ ಹೇಳಿಕೊಟ್ಟವರು. ಹೀಗಾಗಿ ಹೊರದೇಶಕ್ಕೆ ಹೊರಡುವ ಹಳೆಯ ವಿದ್ಯಾರ್ಥಿಗಳು ನಮಸ್ಕರಿಸಿ ಹೋಗಲು ಬರುತ್ತಾರೆ. ಸವದತ್ತಿ ತಾಲೂಕಿನ ಒಬ್ಬ ಹುಡುಗ 2023ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ನಗರಕ್ಕೆ ಹೊರಟ. ಯಂತ್ರಶಾಸ್ತ್ರದಲ್ಲಿ ಎಂ.ಎಸ್ಸಿ. ಓದುವ ಉದ್ದೇಶ. “ಅಲ್ಲಿ ಫೀಸ್ ಇಲ್ಲರೀ, ಫುಕಟ ಕಲಸ್ತಾರ” ಎಂದು ಅವನ ತಂದೆ ಹಿಗ್ಗಿನಿಂದ ಹೇಳಿದರು. ಈ ಮಾತು ಈಗ ಹಳ್ಳಿಹಳ್ಳಿಗೂ ಹಬ್ಬಿದೆ. ಅದು ಅರ್ಧ ಸತ್ಯ.

ಜರ್ಮನಿಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹಳ ಕಡೆ ಬೋಧನಾ ಶುಲ್ಕವಿಲ್ಲವೆಂಬುದು ನಿಜ. ಆದರೆ ಸ್ಟುಟ್‌ಗಾರ್ಟ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯವು 2017ರಿಂದ ಯುರೋಪು ಒಕ್ಕೂಟದ ಹೊರಗಿನವರಿಗೆ ಅರ್ಧವರ್ಷಕ್ಕೆ 1,500 ಯೂರೋ ಶುಲ್ಕ ವಿಧಿಸತೊಡಗಿತು. ಅದಕ್ಕಿಂತ ದೊಡ್ಡದು ಜೀವನ ನಿರ್ವಹಣೆಯ ಹಣ. ಒಂದು ವರ್ಷದ ಖರ್ಚನ್ನು ಮೊದಲೇ ಅಲ್ಲಿಯ ಖಾತೆಯೊಂದರಲ್ಲಿ ತುಂಬಿ ತೋರಿಸದಿದ್ದರೆ ವೀಸಾ ದೊರೆಯುವುದು ಕಷ್ಟ. ಆ ಖಾತೆಯಿಂದ ತಿಂಗಳಿಗೆ ಇಂತಿಷ್ಟೇ ತೆಗೆಯಬೇಕು. 2023ರಲ್ಲಿ ಆ ಮೊತ್ತ 11,208 ಯೂರೋ, ಎಂದರೆ ಆಗಿನ ದರದಲ್ಲಿ ಸುಮಾರು 10 ಲಕ್ಷ ರೂಪಾಯಿ. 2024ರ ಸೆಪ್ಟೆಂಬರಿನಿಂದ 11,904 ಯೂರೋ ಆಯಿತು. ತಂದೆ ನಾಲ್ಕು ಎಕರೆ ಎರಿಹೊಲವನ್ನು ಊರಿನ ಪತ್ತಿನ ಸಂಘದಲ್ಲಿ ಒತ್ತೆಯಿಟ್ಟರು.

ತಾಯಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಹಿಂಡಿ ಕಟ್ಟಿಕೊಟ್ಟರು. ಮೊದಲ ಆರು ತಿಂಗಳು ಅವನ ಕರೆಗಳಲ್ಲಿ ವಿಸ್ಮಯವೇ ತುಂಬಿತ್ತು. ರವಿವಾರ ಅಂಗಡಿಗಳು ಮುಚ್ಚಿರುತ್ತವೆ. ಡಿಸೆಂಬರದಲ್ಲಿ ಸಂಜೆ ನಾಲ್ಕೂವರೆಗೆ ಹೊತ್ತು ಮುಳುಗುತ್ತದೆ. ಬರಿದಾದ ಪ್ಲಾಸ್ಟಿಕ್ ನೀರಿನ ಬಾಟಲಿ ಮರಳಿಸಿದರೆ 25 ಸೆಂಟ್ ಕೈಗೆ ಬರುತ್ತದೆ. ಒಂದು ರವಿವಾರ ಮಿಕ್ಸರಿನಲ್ಲಿ ಚಟ್ನಿ ತಿರುವಿದ್ದಕ್ಕೆ ನೆರೆಯವರು ಬಾಗಿಲಿಗೆ ಚೀಟಿ ಅಂಟಿಸಿದರಂತೆ. ಮುಂಜಾನೆಯ ಲಿಂಗಪೂಜೆಗೆ ಸದ್ದಿಲ್ಲ, ಹಾಗಾಗಿ ಯಾರ ತಕರಾರೂ ಇಲ್ಲವೆಂದು ನಕ್ಕ.

ಒಮ್ಮೆ ಅವನು ಟ್ಯೂಬಿಂಗನ್ನಿಗೆ ಹೋಗಿ ಬಂದ. ನಮಗೆ ಆ ಊರಿನ ಹೆಸರು ಕೇಳಿಯೇ ಮೈ ಪುಲಕಗೊಂಡಿತು. ಫರ್ಡಿನೆಂಡ್ ಕಿಟೆಲ್ ಅವರು 1903ರಲ್ಲಿ ಕೊನೆಯುಸಿರೆಳೆದದ್ದು ಅಲ್ಲಿಯೇ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನ ಹಾಳೆ ತಿರುವಿಯೇ ನಾವು ಪದಗಳ ಮೂಲ ಹುಡುಕುವುದನ್ನು ಕಲಿತೆವು. ಅರ್ಧ ಆಯುಷ್ಯವನ್ನು ಕನ್ನಡಕ್ಕೆ ತೇಯ್ದ ಆ ಹಿರಿಯರು ನಮ್ಮ ಸೀಮೆಗೆ ಬಂದ ಮೊದಲ ದಿನಗಳಲ್ಲಿ ಏನು ಉಂಡರೋ, ಯಾರೊಡನೆ ಮಾತನಾಡಿದರೋ ಎಂದು ಅಂದು ರಾತ್ರಿ ಬಹಳ ಹೊತ್ತು ಯೋಚಿಸಿದೆವು.

ಎರಡನೆಯ ವರ್ಷ ಕರೆಗಳು ವಿರಳವಾದವು. ಊರಿಗೆ ಫೋನು ಮಾಡಿದಾಗಲೆಲ್ಲ “ಆರಾಮ ಅದೇನ್ರಿ” ಎಂಬ ಒಂದೇ ಮಾತು. 2024ರ ಚಳಿಗಾಲದಲ್ಲಿ ನಮಗೊಮ್ಮೆ ಕರೆ ಮಾಡಿ ಬಹಳ ಹೊತ್ತು ಸುಮ್ಮನಿದ್ದ. ಬಳಿಕ ಹೇಳಿದ: “ಗುರುಗಳ, ಒಂದ ಪರೀಕ್ಷೆದಾಗ ಎರಡ ಸಲ ಫೇಲ್ ಆಗೇನ್ರಿ. ಮನ್ಯಾಗ ಹೇಳಬ್ಯಾಡ್ರಿ.”

ನಮ್ಮಲ್ಲಿ ಬಾಕಿ ಉಳಿದ ವಿಷಯವನ್ನು ಮತ್ತೆ ಮತ್ತೆ ಕಟ್ಟಬಹುದು. ಅಲ್ಲಿ ಹಾಗಲ್ಲ. ಕಡ್ಡಾಯ ಪರೀಕ್ಷೆಗೆ ಎರಡು ಇಲ್ಲವೆ ಮೂರು ಅವಕಾಶಗಳೇ ಸಾಮಾನ್ಯ. ಕೊನೆಯದೂ ತಪ್ಪಿದರೆ ವಿಶ್ವವಿದ್ಯಾಲಯದ ದಾಖಲೆಯಿಂದ ಹೆಸರು ತೆಗೆಯುತ್ತಾರೆ, ಅದೇ ವ್ಯಾಸಂಗವನ್ನು ಆ ದೇಶದ ಬೇರೆಡೆಯಲ್ಲಿ ಮುಂದುವರಿಸುವುದಕ್ಕೂ ಸಾಮಾನ್ಯವಾಗಿ ಆಸ್ಪದವಿಲ್ಲ. ಅವನಿಗೆ ಉಳಿದದ್ದು ಒಂದೇ ಅವಕಾಶ. ಮನೆಯಿಂದ ಮತ್ತೆ ಹಣ ಕೇಳಬಾರದೆಂದು ಬೇಕರಿಯೊಂದರಲ್ಲಿ ರಾತ್ರಿಪಾಳಿ ದುಡಿಯುತ್ತಿದ್ದ. 2024ರ ಮಾರ್ಚಿನಿಂದ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ದುಡಿಯಲು ಅಲ್ಲಿಯ ಕಾನೂನು ಒಪ್ಪಿದೆ, ದೇಹ ಒಪ್ಪಬೇಕಲ್ಲ! ತರಗತಿಯಲ್ಲಿ ನಿದ್ದೆ, ಕೋಣೆಯಲ್ಲಿ ಎಚ್ಚರ. ದುಡಿಮೆಯೇನೋ ಕಾಯಕವೇ, ಅದರಲ್ಲಿ ಕೀಳೆಂಬುದಿಲ್ಲ. ಆದರೆ ಹೋದ ಕಾಯಕ ಓದಿನದು.

ಮನೆಗೆ ಹೇಳುವುದಿಲ್ಲವೆಂಬ ಭಾಷೆಯನ್ನು ನಾವು ಕೊಡಲಿಲ್ಲ. “ನೀನೇ ಹೇಳಬೇಕು, ಹೇಳುವಾಗ ನಾವು ನಿಮ್ಮಪ್ಪನ ಬಳಿ ಕುಳಿತಿರುತ್ತೇವೆ” ಎಂದೆವು. ಅವನು ಒಪ್ಪಲು ಎಂಟು ದಿನ ಬೇಕಾಯಿತು. ಬಸ್ಸು ಹಿಡಿದು ಆ ಹಳ್ಳಿಗೆ ಹೋದೆವು. ಫೋನಿನಲ್ಲಿ ಹುಡುಗ ಅಳುತ್ತ ಎಲ್ಲವನ್ನೂ ಹೇಳಿದ. ತಂದೆ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೇಳಿದರು. ಹೊಲದ ಸುದ್ದಿ ಎತ್ತಲೇ ಇಲ್ಲ. “ಮುಂಗಾರಿ ಹೋದ್ರ ಹಿಂಗಾರಿ ಹಾದಿ ನೋಡತೇವಲ್ಲೋ ತಮ್ಮಾ. ಉಂಡಿಯೇನ್ ಇವತ್ತ?” ಎಂದರು. ತಾಯಿ ಫೋನು ಕಸಿದುಕೊಂಡು, ಆ ರಾತ್ರಿ ಕೆಲಸ ಮೊದಲು ಬಿಡು ಎಂದರು. ಕಿವಿಯ ಬೆಂಡೋಲೆಯ ಮೇಲೆ ಮೂರು ತಿಂಗಳ ಖರ್ಚು ಹೊಂದಿತು.

ಮಗ ಸುಳ್ಳು ಹೇಳುವುದು ಮನೆಯವರ ಸಿಟ್ಟಿಗೆ ಅಂಜಿ ಎಂದು ಅನೇಕರು ತಿಳಿಯುತ್ತಾರೆ. ನಾವು ಕಂಡ ಹುಡುಗರಲ್ಲಿ ಬಹುತೇಕರು ಅಂಜುವುದು ಮನೆಯವರ ತ್ಯಾಗಕ್ಕೆ. ಊರ ಜನರೂ ಇದಕ್ಕೆ ಹೊಣೆ. ವಿಮಾನ ಹತ್ತುವ ಮುನ್ನವೇ ಶಾಲು ಹೊದಿಸಿ, ಫ್ಲೆಕ್ಸ್ ಕಟ್ಟಿಸಿ ಕಳಿಸಿದ ಮೇಲೆ ಆ ಹುಡುಗ ಸೋತ ಮಾತನ್ನು ಯಾರ ಮುಂದೆ ಆಡಬೇಕು?

ಮೂರನೆಯ ಸಲ ಅವನಿಗೆ 3.7 ಬಂತು. “ಮೂರೂವರಿ ಮಾರ್ಕ್ಸಿಗೆ ಪಾಸ್ ಹೆಂಗ ಮಾಡ್ತಾರ್ರಿ?” ಎಂದು ತಂದೆ ಗಾಬರಿಯಾದರು. ಅಲ್ಲಿ 1.0 ಅತ್ಯುತ್ತಮ, 4.0ರವರೆಗೆ ತೇರ್ಗಡೆ, 5.0 ಎಂದರೆ ಅನುತ್ತೀರ್ಣ ಎಂದು ತಿಳಿಸಿ ಹೇಳುವಷ್ಟರಲ್ಲಿ ನಮಗೆ ಸಾಕಾಯಿತು. ಹುಡುಗ ಈಗ ಅಂತಿಮ ಪ್ರಬಂಧ ಬರೆಯುತ್ತಿದ್ದಾನೆ. ಉತಾರದಲ್ಲಿ ಸಂಘದ ಬೋಜಾ ಇನ್ನೂ ಹಾಗೆಯೇ ಇದೆ. ಈ ಸಲ ಕಡಲೆ ಚೆನ್ನಾಗಿ ಬಂದಿದೆಯೆಂದು ತಂದೆ ಮೊನ್ನೆ ತಿಳಿಸಿದರು.