ದೋಣಿ ಎಳೆಯುತ್ತಿದ್ದ ಮರಳು

ಮರವಂತೆಯಲ್ಲಿ ಒಂದು ಬದಿಗೆ ಸೌಪರ್ಣಿಕೆ, ಇನ್ನೊಂದು ಬದಿಗೆ ಕಡಲು, ನಡುವೆ ಹೆದ್ದಾರಿ. ಕಾರು ನಿಲ್ಲಿಸಿದವರೆಲ್ಲ ನೀರು ನೋಡಿ ಖುಷಿಪಡುತ್ತಾರೆ. ನಾಡದೋಣಿಯನ್ನೇ ನಂಬಿದ ನಮ್ಮ ಮನೆಗಳಿಗೆ ನೀರಿನಷ್ಟೇ ಮರಳೂ ಬೇಕಿತ್ತು. ದೋಣಿ ಎಳೆದು ಹಾಕುವುದು, ಬಲೆ ಹರವಿ ಹರಿದಲ್ಲಿ ಹೆಣೆಯುವುದು, ಮಾರಿ ಉಳಿದ ಬೈಗೆ, ಬಂಗುಡೆ ಮೀನು ಒಣಗಿಸುವುದು, ಎಲ್ಲವೂ ಅಲ್ಲಿಯೇ. ಅಪ್ಪನ ಪ್ರಾಯದಲ್ಲಿ ರಂಪಣಿ ಬಲೆಯ ಎರಡೂ ತುದಿ ಹಿಡಿದು ಊರಿಗೆ ಊರೇ ಎಳೆಯುತ್ತಿದ್ದುದೂ ಆ ಮರಳಿನ ಮೇಲೆಯೇ. ಎಪ್ಪತ್ತರ ದಶಕದಲ್ಲಿ ಯಂತ್ರದ ಪರ್ಸೀನ್ ಬೋಟುಗಳು ಬಂದು ರಂಪಣಿ ಮೂಲೆ ಸೇರಿತು. ಮರಳು ಉಳಿದಿತ್ತು.

2021ರ ಮೇ 15ರಂದು ತೌಕ್ತೆ ಚಂಡಮಾರುತ ನಮ್ಮೆದುರು ಹಾದುಹೋಯಿತು. ಅದು ನೆಲಕ್ಕೆ ಅಪ್ಪಳಿಸಿದ್ದು 17ರ ರಾತ್ರಿ, ದೂರದ ಗುಜರಾತಿನಲ್ಲಿ. ನಮಗೆ ಬಡಿದದ್ದು ಅದು ಎಬ್ಬಿಸಿದ ಅಲೆ. ಲಾಕ್‌ಡೌನಿನ ದಿನಗಳು, ಮನೆಯಿಂದ ಹೊರಬರಬಾರದೆಂದವರೇ ಮನೆ ಬಿಟ್ಟು ಹೊರಡಿ ಎಂದು ಕೂಗುತ್ತಿದ್ದರು. "ಹಗ್ಗ ತಕಂಡ್ ಬನ್ನಿ ಹ್ವಾಯ್" ಎಂದು ಚಿಕ್ಕಪ್ಪ ಒದರಿದ್ದು ಗಾಳಿಗೆ ಅರ್ಧ ಕೇಳಿತು, ಅರ್ಧ ಇಲ್ಲ. ದೋಣಿಗಳನ್ನು ತೆಂಗಿನ ಬುಡಕ್ಕೆ ಕಟ್ಟಿದೆವು. ನೋಡುತ್ತಿದ್ದಂತೆ ಆ ಬುಡದ ಮರಳೇ ಜಾರತೊಡಗಿತು. ಬಿಚ್ಚಿದ ಜಡೆಯಂತೆ ಬೇರುಗಳು ನೇತಾಡಿದವು. ಕಡಲಂಚಿನ ಕಾಂಕ್ರೀಟ್ ರಸ್ತೆಯ ಅಡಿ ಟೊಳ್ಳಾಗಿ, ಮೇಲಿನ ಹಲಗೆಯಷ್ಟೇ ಗಾಳಿಯಲ್ಲಿ ನಿಂತಿತ್ತು. ಮುಂದಿನ ದೊಡ್ಡ ಅಲೆಗೆ ಅದೂ ಮುರಿದು ಬಿತ್ತು. ಆ ಹೊತ್ತಿಗೇ ಮುಲ್ಕಿ ಕಡಲಿನ ಬಂಡೆಗಳ ನಡುವೆ ಒಂದು ಟಗ್ ಸಿಕ್ಕಿಬಿದ್ದಿತ್ತು; ಅದರಲ್ಲಿದ್ದ 9 ಜನರನ್ನು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆ ಸೇರಿ ಉಳಿಸಿದ್ದನ್ನು ಕೇಳಿ ನಮ್ಮ ಕೇರಿ ನಿಟ್ಟುಸಿರು ಬಿಟ್ಟಿತು.

ಆಮೇಲೆ ತಡೆಗೋಡೆಗೆಂದು ಲಾರಿಗಳಲ್ಲಿ ಕಲ್ಲು ಬಂತು. ಮನೆ ಉಳಿಯಬೇಕಲ್ಲ, ಬೇಡ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಆದರೆ ಕಲ್ಲಿಗೆ ಬಡಿದು ಹಿಂದಿರುಗುವ ಅಲೆ ಅಳಿದುಳಿದ ಮರಳನ್ನೂ ಕೆರೆದು ಒಯ್ಯುತ್ತದೆ. ಆ ಬಂಡೆಗಳ ಮೇಲೆ ದೋಣಿ ಎಳೆದರೆ ಹೊಟ್ಟೆ ಸೀಳುತ್ತದೆ. ನಮ್ಮದನ್ನು ಈಗ ಗಂಗೊಳ್ಳಿ ಬಂದರಿನಲ್ಲಿ ಕಟ್ಟುತ್ತೇವೆ. ಗಂಡಸರು ಹೇಗೋ ಅಲ್ಲಿಗೆ ಹೋಗಿಬರುತ್ತಾರೆ. ಮೀನು ಒಣಗಿಸಿ ಮಳೆಗಾಲದ ಖರ್ಚು ತೂಗಿಸುತ್ತಿದ್ದ ಚಿಕ್ಕಮ್ಮನಂಥವರಿಗೆ ಮಾತ್ರ ಹರವಲು ಜಾಗವೇ ಇಲ್ಲ. ಪರಿಹಾರಕ್ಕೆಂದು ಬಿದ್ದ ಮರ, ಒಡೆದ ಮನೆ, ಹರಿದ ಬಲೆಗಳನ್ನು ಬರೆದುಕೊಂಡು ಹೋದರು. ಒಣಗಿಸುವ ಮರಳು ಹೋಯಿತೆಂದು ಎಲ್ಲಿ ಬರೆಸುವುದು?

ತೌಕ್ತೆಗೆ ಮೊದಲೂ ಚಂಡಮಾರುತಗಳು ಬಂದಿದ್ದವು: 2017ರಲ್ಲಿ ಒಖಿ, 2019ರಲ್ಲಿ ಕ್ಯಾರ್, 2020ರಲ್ಲಿ ನಿಸರ್ಗ. ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ, ತೂಫಾನುಗಳು ಬಲಿಯುತ್ತಿವೆ. ತಡೆಗೋಡೆ ಕಟ್ಟುವಾಗ ದೋಣಿ ಏರಿಸಲು ಅಲ್ಲಲ್ಲಿ ಇಳಿಜಾರು ಬಿಡಿ, ಮೀನು ಒಣಗಿಸಲು ಒಂದು ಕಟ್ಟೆ ಕೊಡಿ ಎಂದು ಕೇರಿಯವರು ಈಗಲೂ ಕೇಳುತ್ತಲೇ ಇದ್ದಾರೆ.