ಹೆಸರು ಹೇಳದ ಪೆಟ್ಟಿಗೆ

ಪರಊರಿನಲ್ಲಿ ಮನೆ ಮಾಡಿದವರಿಗೆ ಬಾಗಿಲ ಮೇಲಿನ ಹೆಸರಿನ ಹಲಗೆಯಲ್ಲಿ ತುಸು ಹೆಚ್ಚಿನ ಮಮತೆ. ಮುಂಬಯಿಯ ಯಾವುದೋ ಕಟ್ಟಡದ ಮೆಟ್ಟಿಲು ಹತ್ತುತ್ತಿರುವಾಗ ಕನ್ನಡದ ದುಂಡಕ್ಷರ ಕಣ್ಣಿಗೆ ಬಿದ್ದರೆ ಸಾಕು, ಗುರುತಿಲ್ಲದಿದ್ದರೂ ಕರೆಗಂಟೆ ಒತ್ತೋಣವೆನ್ನಿಸುತ್ತದೆ. ಅಂಥ ಹಲಗೆಯನ್ನು ಕಿತ್ತುಹಾಕಿರೆಂದು ನಾನು ಯಾರಿಗೂ ಹೇಳಲಾರೆ. ಹೇಳಹೊರಟಿರುವುದು ಇನ್ನೊಂದು ಹಲಗೆಯ ವಿಚಾರ. ಅದನ್ನು ನಾವು ಬರೆಸಿದ್ದಲ್ಲ, ಅದು ನಮ್ಮ ಕಣ್ಣಿಗೆ ಬೀಳುವುದೂ ಇಲ್ಲ. ಮನೆಯ ಮೂಲೆಯಲ್ಲಿ ಹಸಿರು ದೀಪ ಮಿಟುಕಿಸುತ್ತ ಕುಳಿತ ರೌಟರ್ ಎಂಬ ಪೆಟ್ಟಿಗೆ ಅದನ್ನು ಹೊರಗಿನ ಲೋಕಕ್ಕೆ ಕಾಣುವಂತೆ ತಾನೇ ನೇತುಹಾಕಿಕೊಂಡಿರುತ್ತದೆ.

ಇಂಟರ್‌ನೆಟ್ಟಿನ ಬೀದಿಯಲ್ಲಿ ಈ ಪೆಟ್ಟಿಗೆಗೆ ಅಂಕಿಗಳ ವಿಳಾಸವೊಂದುಂಟು. ಹಳೆಯ ಪದ್ಧತಿಯ ವಿಳಾಸಗಳು ಒಟ್ಟು ಸುಮಾರು 430 ಕೋಟಿ. ಇಷ್ಟು ಮನೆಗಳ ಬಾಗಿಲು ತಟ್ಟಲು ಯಾರಿಗೆ ಪುರುಸೊತ್ತು ಎಂದುಕೊಳ್ಳಬೇಡಿ. 2013ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು ಹೊರತಂದ ಜೀಮ್ಯಾಪ್ ಎಂಬ ಸಾಧನ, ಒಂದೇ ಕಂಪ್ಯೂಟರಿನಿಂದ, ಪ್ರತಿ ವಿಳಾಸದ ಒಂದೊಂದು ಬಾಗಿಲನ್ನು ತಟ್ಟಿ ಮುಕ್ಕಾಲು ಗಂಟೆಯೊಳಗೆ ಲೋಕಸಂಚಾರ ಮುಗಿಸಬಲ್ಲುದು. 2009ರಲ್ಲಿ ಆರಂಭವಾದ ಶೋಡಾನ್ ಎಂಬ ಶೋಧಕವಂತೂ ಹೀಗೆ ತಟ್ಟಿದಾಗ ಯಾರು ಏನೆಂದರೆಂಬುದನ್ನು ಬರೆದಿಟ್ಟುಕೊಂಡು ಕೇಳಿದವರಿಗೆ ತೋರಿಸುತ್ತದೆ.

ಪೆಟ್ಟಿಗೆ ಏನೆನ್ನುತ್ತದೆ? "ನಾನು ಇಂಥ ಕಂಪನಿಯಲ್ಲಿ ಹುಟ್ಟಿದವನು, ನನ್ನ ಮಾದರಿ ಇಂಥದು, ನನ್ನೊಳಗಿನ ತಂತ್ರಾಂಶ ಇಷ್ಟು ಹಳೆಯದು" ಎಂದು ಕೇಳಿದವರಿಗೆಲ್ಲ ವಂಶಾವಳಿ ಒಪ್ಪಿಸುತ್ತದೆ. ಮಾದರಿ ತಿಳಿದ ಕಳ್ಳನಿಗೆ ಅರ್ಧ ಕೆಲಸ ಮುಗಿದಂತೆ. ಆ ಮಾದರಿಯ ದೋಷ ಯಾವುದು, ಕಾರ್ಖಾನೆ ಇಟ್ಟ ಪಾಸ್‌ವರ್ಡ್ ಯಾವುದು ಎಂಬ ಪಟ್ಟಿ ಅವನ ಬಳಿ ಸಿದ್ಧವಾಗಿರುತ್ತದೆ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಇಂಥ ಅರುವತ್ತು ಚಿಲ್ಲರೆ ಪಾಸ್‌ವರ್ಡುಗಳ ಬಲದಿಂದಲೇ ಲಕ್ಷಾಂತರ ಕ್ಯಾಮರಾ, ರೌಟರುಗಳನ್ನು ತನ್ನ ಆಳುಗಳಾಗಿ ಮಾಡಿಕೊಂಡಿತು. ದೂರದ ಕಥೆಯೆನ್ನುವಂತಿಲ್ಲ. 2017ರ ಜುಲೈನಲ್ಲಿ ನಮ್ಮ ಕರ್ನಾಟಕದಲ್ಲೇ ಬಿಎಸ್‌ಎನ್‌ಎಲ್ ಗ್ರಾಹಕರ ಎಷ್ಟೋ ಮೋಡೆಮುಗಳು, ಕಾರ್ಖಾನೆಯ ಪಾಸ್‌ವರ್ಡನ್ನು ಬದಲಾಯಿಸದೆ ಇದ್ದಂಥವು, ಇಂಥದೇ ದಾಳಿಗೆ ಸಿಕ್ಕಿ ಕೆಟ್ಟವು.

ನಮ್ಮ ಹಿರಿಯರಿಗೆ ಇದರ ಮದ್ದು ಗೊತ್ತಿತ್ತೆಂದು ನನಗೆ ತೋರುತ್ತದೆ. ರಾತ್ರಿ ಹೊತ್ತು ಹೊರಗಿನಿಂದ ಯಾರಾದರೂ ಕೂಗಿದರೆ ಮೊದಲ ಕೂಗಿಗೇ ಓಗೊಡಬೇಡ ಎನ್ನುತ್ತಿದ್ದರು. 1990ರ ದಶಕದಲ್ಲಿ ದೆವ್ವ ಬಂದು ಬಾಗಿಲು ಬಡಿಯುತ್ತದೆಂಬ ಸುದ್ದಿ ಹಬ್ಬಿ, ಕರ್ನಾಟಕದ ಊರೂರುಗಳಲ್ಲಿ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದದ್ದು ಹಲವರಿಗೆ ನೆನಪಿರಬಹುದು. ರೌಟರಿನ ಶಾಸ್ತ್ರದಲ್ಲಿ ಮಾತ್ರ 'ನಾಳೆ ಬಾ' ಎನ್ನುವುದೂ ತಪ್ಪು. ಹಾಗೆಂದರೆ ಒಳಗೆ ಜನರಿದ್ದಾರೆಂದು ಸಾರಿದಂತಾಯಿತಲ್ಲ! ತಟ್ಟಿದವನಿಗೆ ಹೌದೆನ್ನದೆ, ಅಲ್ಲವೆನ್ನದೆ, ಸುಮ್ಮನಿದ್ದುಬಿಡುವುದೇ ಉತ್ತಮ ಮಾರ್ಗ.

ಈ ವಿದ್ಯೆಯನ್ನು ನಾನು ಕಲಿತದ್ದು ಅಮ್ಮನ ದೆಸೆಯಿಂದ. ಎಂಬತ್ತನಾಲ್ಕರ ಅಮ್ಮ ಶಿವಮೊಗ್ಗೆಯ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಮಕ್ಕಳಾದ ನಾವು ಮುಂಬಯಿ, ಪುಣೆ, ದೆಹಲಿಗಳಲ್ಲಿ ಹಂಚಿಹೋಗಿದ್ದೇವೆ. ಅವಳು ಎದ್ದಳೇ, ನಡೆದಾಡಿದಳೇ ಎಂದು ನೋಡಲು ಹಜಾರದಲ್ಲಿ ಒಂದು ಕ್ಯಾಮರಾ. ಅದನ್ನು ಕೂರಿಸಿದಾತ, ನಮಗೆ ದೂರದಿಂದ ಕಾಣಲೆಂದು ಮನೆಗೆ ಸ್ವಂತ ವಿಳಾಸ ಕೊಡಿಸಿ, ರೌಟರಿನಲ್ಲಿ ಒಂದು ಬಾಗಿಲನ್ನು ಹೊರಕ್ಕೆ ತೆರೆದಿಟ್ಟಿದ್ದ. ಕಳೆದ ಬೇಸಗೆಯಲ್ಲಿ ಅಲ್ಲಿಗೆ ಹೋದ ನನ್ನ ತಂಗಿಯ ಮಗ ಮೊಬೈಲಿನ ವೈಫೈ ಆರಿಸಿ, ಹೊರಗಿನವನಂತೆ ಆ ವಿಳಾಸವನ್ನು ತಟ್ಟಿ ನೋಡಿದ. ರೌಟರಿನ ಲಾಗಿನ್ ಪುಟ ಕಂಪನಿ, ಮಾದರಿಗಳ ಹೆಸರು ಹೊತ್ತು ಎದುರಿಗೆ ನಿಂತಿತು. ಪಕ್ಕದ ಬಾಗಿಲಲ್ಲಿ ಕ್ಯಾಮರಾದ ಪುಟ.

"ಮಾವ, ನೀವು ಅಜ್ಜಿಯನ್ನು ನೋಡುವ ಕಿಂಡಿ ಇಡೀ ಪ್ರಪಂಚಕ್ಕೂ ಕಿಂಡಿಯೇ" ಎಂದು ಫೋನು ಮಾಡಿದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಂಟಿ ಮುದುಕಿಯ ಮನೆಯಲ್ಲಿ ಯಾವ ಹೊತ್ತಿಗೆ ಯಾರೂ ಇರುವುದಿಲ್ಲವೆಂದು ಅಪರಿಚಿತನೊಬ್ಬ ನೋಡಿ ತಿಳಿಯಬಹುದಾಗಿತ್ತು.

ಹುಡುಗ ಮಾಡಿದ್ದು ಇಷ್ಟು. ಹೊರಗಿನಿಂದ ರೌಟರನ್ನು ನಡೆಸುವ ಅನುಕೂಲವನ್ನು ಆರಿಸಿದ. ಅದರೊಡನೆ ಆ ಪುಟವೂ ಮರೆಯಾಯಿತು. ಕ್ಯಾಮರಾಕ್ಕೆಂದು ತೆರೆದ ಬಾಗಿಲನ್ನು ಮುಚ್ಚಿದ. ಒಳಗಿನ ಯಂತ್ರಗಳು ಕೇಳಿದ ಕೂಡಲೆ ತಾನಾಗಿ ಬಾಗಿಲು ತೆರೆಯುವ ಯುಪಿಎನ್‌ಪಿ ಎಂಬ ಸೌಕರ್ಯವನ್ನೂ ನಿಲ್ಲಿಸಿದ. ತಂತ್ರಾಂಶವನ್ನು ಹೊಸದಾಗಿಸಿ, ಉದ್ದನೆಯ ಪಾಸ್‌ವರ್ಡ್ ಇಟ್ಟ. ವೈಫೈಗೆ ಕಂಪನಿಯೇ ಇಟ್ಟಿದ್ದ ಹೆಸರನ್ನು ಅಳಿಸಿ ಬೇರೆ ಹೆಸರಿಟ್ಟ. ಆಮೇಲೆ ಹೊರಗಿನಿಂದ ತಟ್ಟಿದರೆ ಮೌನ. ನಮಗೆ ಅಮ್ಮನನ್ನು ಕಾಣಲು ವಿಪಿಎನ್ ಎಂಬ, ಬೀಗವುಳ್ಳ ಒಳದಾರಿಯೊಂದನ್ನು ಕಟ್ಟಿಕೊಡಲು ಹತ್ತು ದಿನ ಹಿಡಿಯಿತು. ಆ ಹತ್ತು ದಿನ ನಾವು ಮೂವರೂ ಸರದಿಯ ಮೇಲೆ ಬೆಳಗ್ಗೆ, ಸಂಜೆ ಫೋನು ಮಾಡಿದೆವು. "ಕ್ಯಾಮರಾ ಹಾಳಾಗಿದ್ದೇ ಒಳ್ಳೇದಾಯ್ತು ಕಣೋ, ಈಗ ಮಾತಾದರೂ ಆಡ್ತೀರಿ" ಎಂದಳು ಅಮ್ಮ.

ಹೆಸರು ಮರೆಸಿದ ಮಾತ್ರಕ್ಕೆ ಮನೆ ಭದ್ರವಾಯಿತೆಂದು ತಿಳಿಯಬಾರದು. ಉತ್ತರ ಕೊಡುವ ರೀತಿಯಿಂದಲೇ ಯಂತ್ರದ ಜಾತಕ ಊಹಿಸುವ ಚತುರರಿದ್ದಾರೆ. ಮೌನ ದಾರಿಹೋಕ ಕಳ್ಳನನ್ನು ಮುಂದೆ ಸಾಗಿಸುತ್ತದೆ. ನಿಂತು ತಳ್ಳುವವನಿಗೆ ಬೀಗವೇ ಬೇಕು. ಇತ್ತೀಚೆಗೆ ಅನೇಕ ಕಂಪನಿಗಳು ಬಹಳ ಮನೆಗಳಿಗೆ ಸೇರಿಸಿ ಒಂದೇ ಹಳೆಯ ಮಾದರಿಯ ವಿಳಾಸ ಕೊಡುತ್ತವೆ. ಅಂಥ ಮನೆಗಳಿಗೆ ಆ ದಾರಿಯಿಂದ ತಟ್ಟುವವರ ಕಾಟ ಕಡಿಮೆ. ಪಾಸ್‌ವರ್ಡಿನ ಜಾಗ್ರತೆ ಮಾತ್ರ ಎಲ್ಲರಿಗೂ ಒಂದೇ.

ಹಬ್ಬಕ್ಕೋ ಮದುವೆಗೋ ಊರಿಗೆ ಹೋದಾಗ ತಂದೆತಾಯಿಯರ ಮನೆಯ ಗ್ಯಾಸಿನ ಕೊಳವೆ, ಬಾವಿಯ ಪಂಪು ನೋಡಿ ಬರುವ ರೂಢಿ ನಮ್ಮಲ್ಲಿ ಅನೇಕರಿಗಿದೆ. ಈ ಸಲ ಅರ್ಧ ಗಂಟೆ ಆ ಪೆಟ್ಟಿಗೆಯ ಮುಂದೆಯೂ ಕುಳಿತು ಬನ್ನಿ.